ಒತ್ತಿ, ಆಮೇಲೆ ತಿರುಗಿಸಬೇಕು

ಬೆಂಗ್ರೆಯಲ್ಲಿ ಯಾವುದೂ ಹೆಚ್ಚು ದಿನ ಹೊಸದಾಗಿರುವುದಿಲ್ಲ.
ಚಿಲಕ ಮೊದಲ ಮಳೆಗೇ ಕೆಂಪು,
ಕತ್ತರಿ ಎರಡನೆಯದಕ್ಕೆ ಬಾಯಿ ಕಚ್ಚಿ ಕೂತಿತು.
ಆಚೆ ನದಿ, ಈಚೆ ಕಡಲು,
ನಡುವಿನ ಮರಳಲ್ಲಿ ನಾವು.
ಗಾಳಿಗೆ ಇಲ್ಲಿ ಒಂದೇ ಕೆಲಸ,
ಉಪ್ಪು ಹಚ್ಚುವುದು.

ಬಚ್ಚಲ ಬಲ್ಬು ಹೋಗಿ ಹನ್ನೊಂದು ದಿನ.
ಮೊಬೈಲನ್ನು ಸಾಬೂನಿನ ಗೂಡಿಗೆ ಒರಗಿಸಿ
ಅದರ ಬೆಳಕಲ್ಲಿ ಮಿಂದೆವು ನಾನು, ಮಕ್ಕಳು.
ಇವರು ಬೋಟಿನಲ್ಲಿ.
ಸಿಗ್ನಲ್ ಸಿಗುವಷ್ಟು ದಡಕ್ಕೆ ಬಂದಾಗ ಹೇಳಿದ್ದು ಇಷ್ಟು:
ನಾನು ಬಂದು ನೋಡುತ್ತೇನೆ, ನೀನು ಮುಟ್ಟಬೇಡ.

ಮುಟ್ಟಬೇಡ ಅಂದದ್ದಕ್ಕೇ
ದೋಣಿ ಹತ್ತಿ ಬಂದರಿಗೆ ದಾಟಿ
ಒಂಬತ್ತು ವಾಟಿನದೊಂದು ತಂದೆ,
ಮಡಿಲಲ್ಲಿಟ್ಟುಕೊಂಡು, ಮೊಟ್ಟೆಯ ಹಾಗೆ.

ನಮ್ಮ ಸ್ಟೂಲಿಗೆ ಮೂರು ಕಾಲು ಸರಿ,
ನಾಲ್ಕನೆಯದಕ್ಕೆ ಅದರದೇ ಅಭಿಪ್ರಾಯ.
ಹಿಡಿಯಲು ಯಾರಾದರೂ ಬೇಕು.
ಯಾರಾದರೂ ಅಂದರೆ ವಾರಿಜಕ್ಕ,
ಶಿವರಾತ್ರಿಯಿಂದ ನಮಗೆ ಮಾತಿಲ್ಲ.
ಒಂದು ಕುಕ್ಕರಿನ ರಬ್ಬರು:
ಕೊಂಡುಹೋದದ್ದು ತಂದುಕೊಟ್ಟೆ ಅನ್ನುತ್ತಾರೆ ಅವರು,
ಬರಲಿಲ್ಲ ಅನ್ನುತ್ತೇನೆ ನಾನು.

ಗೋಡೆಗೆ ಕೇಳುವಂತೆ ಹೇಳಿದೆ:
ಸ್ಟೂಲು ಅಲ್ಲಾಡುತ್ತದೆ.
ಗೋಡೆಯಾಚೆ ಸೌಟಿನ ಸದ್ದು ನಿಂತಿತು.

ಬಂದರು. ಮುಖವನ್ನು ಹಂಡೆಯ ಕಡೆ ತಿರುಗಿಸಿ
ಎರಡೂ ಕೈಯಲ್ಲಿ ಸ್ಟೂಲು ಹಿಡಿದರು.
ಮೈನ್ ತೆಗೆದೆ.
ಫ್ರಿಜ್ಜಿನ ಗೊಣಗು ನಿಂತು
ಒಮ್ಮೆಲೇ ಕಡಲು ಹತ್ತಿರ ಬಂತು.

ಬಲ್ಬಿಗೆ ಹಳೆಯ ಕಾಲುಚೀಲ ಸುತ್ತಿ ತಿರುಗಿಸಿದೆ. ಇಲ್ಲ.
ಕೋಳಿಗರಿಯಲ್ಲಿ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು
ನೂರು ಎಣಿಸಿ ತಿರುಗಿಸಿದೆ. ಇಲ್ಲ.
ಹೋಲ್ಡರಿನ ಕಿಲುಬು ಉದುರಿ ಕಣ್ಣಿಗೆ ಬಿತ್ತು.

ಒತ್ತದೆ ತಿರುಗಿಸಿದರೆ ಬರ್ತದಾ?
ಕೆಳಗಿನಿಂದ, ತುಳುವಿನಲ್ಲಿ.
(ತುಳುವಿನಲ್ಲಿ ಬೈದರೆ ಎರಡು ಗೇಣು ಆಳಕ್ಕೆ ತಾಗುತ್ತದೆ.)
ಮೊದಲು ಮೇಲಕ್ಕೆ ಒತ್ತು. ಆಮೇಲೆ ತಿರುಗಿಸು.
ನಿನಗೆ ಎಲ್ಲದಕ್ಕೂ ಅವಸರ.

ಒತ್ತುತ್ತಲೇ ಇದ್ದೇನಲ್ಲ!

ಎಲ್ಲಿ? ಸ್ಟೂಲಿಗೆ ಗೊತ್ತೇ ಆಗಲಿಲ್ಲ.

ಒತ್ತಿದೆ. ಎಲ್ಲೋ ಒಣ ಹಲ್ಲು ಕಡಿದ ಶಬ್ದ.
ಗಾಜಿನ ಬುರುಡೆ ಮಾತ್ರ ಕಾಲುಚೀಲದಲ್ಲಿ ಉಳಿದು
ಹಿತ್ತಾಳೆ ಟೊಪ್ಪಿ ಅಲ್ಲೇ ಮೇಲೆ,
ಅದರಿಂದ ಎರಡು ತಂತಿ ಇಳಿಬಿದ್ದಿತ್ತು
ಸಿಗಡಿಯ ಮೀಸೆಯಂತೆ.

ಇಳಿ, ಅಂದರು.
ಅರುವತ್ತೆರಡರ ಹೆಂಗಸು ಸೀರೆ ಎತ್ತಿ ಸಿಕ್ಕಿಸಿ
ಬಲೆಮನೆಯ ಇಕ್ಕುಳ ಹಲ್ಲಲ್ಲಿ ಕಚ್ಚಿ ಹತ್ತಿದರು.
ಈಗ ಹಿಡಿಯುವ ಸರದಿ ನನ್ನದು.
ನನ್ನ ಮುಖದ ಎದುರಿಗೇ ಅವರ ಹಿಮ್ಮಡಿ,
ಒಡಕಿನ ಮೇಲೆ ಅಂಟಿದ ಒಂದು ಮೀನಿನ ಹುರುಪೆ.
ಮೊಬೈಲಿನ ಬೆಳಕು ತಾಗಿದಾಗೆಲ್ಲ
ಆ ಬಚ್ಚಲಲ್ಲಿ ಹೊಳೆದದ್ದು ಅದೊಂದೇ.

ಟೊಪ್ಪಿಯ ಅಂಚನ್ನು ಒಳಕ್ಕೆ ಮಡಚುತ್ತ,
ಬೋಟಿನವರಿಗೆ, ಗಾಳಿಗೆ, ಹೋಲ್ಡರ್ ಮಾಡಿದವನ ಅಪ್ಪನಿಗೆ
ಒಂದೊಂದು ಮಾತು ಹಂಚುತ್ತ,
ಕಡೆಗೆ ಹಸುರುಗಟ್ಟಿದ ಅದನ್ನು ನನ್ನ ಅಂಗೈಗೆ ಹಾಕಿದರು.
ಬಿಸಿಯಿತ್ತು. ಬಲ್ಬಿನದ್ದಲ್ಲ, ಅವರ ಕೈಯದ್ದು.

ಹೊಸದು ಕಟ್ಟೆಂದು ಕೂತಿತು.
ಮೈನ್ ಹಾಕು, ಅಂದರು.
ನೀವು ಇಳಿಯಿರಿ ಮೊದಲು, ಅಂದೆ.
ಸ್ಟೂಲು ಬಿಟ್ಟುಹೋಗಲು ನನಗೆ ಧೈರ್ಯವಿರಲಿಲ್ಲ.

ಬಿಳಿ ಬೆಳಕು.
ಹಂಡೆಯ ಮಸಿ, ಮೂಲೆಯ ಹಾವಸೆ,
ಇಲಿ ಕೊರೆದ ತೂತು,
ಇಷ್ಟು ವರ್ಷ ಹಳದಿಯಲ್ಲಿ ಮರ್ಯಾದೆಯಿಂದಿದ್ದದ್ದೆಲ್ಲ
ಒಟ್ಟಿಗೇ ಎದ್ದು ನಿಂತಿತು.
ವಾರಿಜಕ್ಕ ಸುತ್ತ ನೋಡಿದರು:
ಹಳೆಯದೇ ಚಂದ ಇತ್ತು.
ಚಾ ಕುಡಿಯಲಿಲ್ಲ. ಇಕ್ಕುಳ ಒರಸಿಕೊಂಡು ಹೋದರು.

ರಾತ್ರಿ ಇವರ ಫೋನು: ಮುಟ್ಟಲಿಲ್ಲ ತಾನೆ?
ಮುಟ್ಟಲಿಲ್ಲ, ಅಂದೆ. ಹಿಡಿದದ್ದು ಅಷ್ಟೆ.

ಮರುದಿನ ಗೋಡೆಯಾಚೆ ಅವರ ಕುಕ್ಕರು ಕೂಗಿತು.
ಮೂರು ಸಲ, ಸ್ವಲ್ಪವೂ ಸೋರದೆ.
ಎಣಿಸಲಿಲ್ಲ ಅಂತ ನಾನು ಹೇಳಲಾರೆ.